ಅಪ್ಪಯ್ಯನ ರೇಡಿಯೋ ಮತ್ತು ನಾಲ್ಕನೆಯ ಸ್ಕ್ರೂ

ಸಾಗರದಲ್ಲಿದ್ದ ನಮ್ಮ ತವರುಮನೆಯನ್ನು ಮಾರುವುದೆಂದು 2023ರ ಯುಗಾದಿ ಕಳೆದ ಮೇಲೆ ತೀರ್ಮಾನವಾಯಿತು. ಅಪ್ಪಯ್ಯ ತೀರಿಕೊಂಡು ಹದಿನಾಲ್ಕು ವರ್ಷವಾಗಿತ್ತು. ಅಮ್ಮ ಬೆಂಗಳೂರಿನಲ್ಲಿ ತಮ್ಮನ ಮನೆ ಸೇರಿ ಆರು ವರ್ಷ. ಬೀಗ ಹಾಕಿದ ಮನೆಗೆ ಗೆದ್ದಲು ಬಾಡಿಗೆಗೆ ಬಂದಿತ್ತು. ಸರಿ, ಪಾತ್ರೆ ಪಡಗ ಹಂಚಿಕೊಳ್ಳೋಣವೆಂದು ಒಂದು ಭಾನುವಾರ ಎಲ್ಲರೂ ಸೇರಿದೆವು. ತಾಮ್ರದ ಹಂಡೆ ಯಾರಿಗೂ ಬೇಡ, ಎಲ್ಲರ ಮನೆಯಲ್ಲೂ ಗೀಸರ್. ಬೀಸುವ ಕಲ್ಲು ಬೇಡ. ಹಿತ್ತಾಳೆ ದೀಪದ ಕಂಬಕ್ಕೆ ಮಾತ್ರ ನಾದಿನಿ, ಚಿಕ್ಕಮ್ಮನ ಸೊಸೆ ಇಬ್ಬರೂ ಒಟ್ಟಿಗೆ ಕೈ ಹಾಕಿ, ಇಬ್ಬರೂ ನಾಚಿಕೊಂಡು ಕೈ ಹಿಂತೆಗೆದರು. ನನ್ನ ಸರದಿ ಬಂದಾಗ ಕಪಾಟಿನ ನೆತ್ತಿಯ ಮೇಲೆ ಅಮ್ಮನ ಕ್ರೋಷಾ ಹೊದಿಕೆಯ ಕೆಳಗೆ ಮುದುರಿಕೊಂಡಿದ್ದ ರೇಡಿಯೋ ತೋರಿಸಿದೆ.

“ಅದನ್ನಾ? ಅಕ್ಕಾ, ಗುಜರಿಯವನೂ ಅದಕ್ಕೆ ಐವತ್ತು ರೂಪಾಯಿಗಿಂತ ಹೆಚ್ಚು ಕೊಡಲ್ಲ” ಎಂದ ತಮ್ಮ. ನಮ್ಮವರಂತೂ “ಕಾರಿನಲ್ಲಿ ಜಾಗವಿಲ್ಲ” ಎಂದು ಮುಂಚಿತವಾಗಿಯೇ ತೀರ್ಪು ಕೊಟ್ಟರು. ಕಡೆಗೆ ಅದು ನನ್ನ ತೊಡೆಯ ಮೇಲೆ ಕುಳಿತೇ ಶಿವಮೊಗ್ಗಕ್ಕೆ ಬಂತು. ಇಳಿಯುವಾಗ ಎರಡೂ ಕಾಲು ಜೋಮು.

ಅದನ್ನೇ ಏಕೆ ಕೇಳಿದೆನೆಂದು ಯಾರೂ ಕೇಳಲಿಲ್ಲ. ಕೇಳಿದ್ದರೂ ಹೇಳುತ್ತಿರಲಿಲ್ಲ. ಆ ರೇಡಿಯೋವನ್ನು ಕೊಂದವಳು ನಾನು. ಮೂವತ್ತೆಂಟು ವರ್ಷ ಆ ಮಾತು ಹೊಟ್ಟೆಯಲ್ಲೇ ಇತ್ತು.

ಅಪ್ಪಯ್ಯ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ನಾನು ಹುಟ್ಟುವುದಕ್ಕೆ ಮೊದಲೇ, 1963ರಲ್ಲಿ, ಮೂರು ತಿಂಗಳ ಸಂಬಳದಷ್ಟು ಸಾಲ ಮಾಡಿ ಅದನ್ನು ತಂದರಂತೆ. ಮರ್ಫಿ, ಫಿಲಿಪ್ಸ್, ಬುಷ್, ನ್ಯಾಷನಲ್ ಎಕ್ಕೊ ಎಂದು ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ಹೆಸರಿದ್ದ ಕಾಲ. ನಮ್ಮದರ ಹಿತ್ತಾಳೆ ಅಕ್ಷರಗಳು ನನಗೆ ಬುದ್ಧಿ ಬರುವಷ್ಟರಲ್ಲಿ ಉದುರಿ ಹೋಗಿದ್ದವು. ಮನೆಯಲ್ಲಿ ಅದರ ಹೆಸರು ರೇಡಿಯೋ, ಅಷ್ಟೇ. ವರ್ಷವರ್ಷ ಅಂಚೆ ಕಚೇರಿಯಲ್ಲಿ ಲೈಸೆನ್ಸಿನ ದುಡ್ಡು ಕಟ್ಟಿ ಪುಸ್ತಕದಲ್ಲಿ ಮುದ್ರೆ ಹಾಕಿಸಿಕೊಂಡು ಬರುವುದು ಅಪ್ಪಯ್ಯನಿಗೆ ಮಕ್ಕಳ ಫೀಸಿನಷ್ಟೇ ಮುಖ್ಯ. ಭದ್ರಾವತಿಯಲ್ಲಿ 1965ರಲ್ಲಿ ಕೇಂದ್ರ ಶುರುವಾಗುವವರೆಗೆ ಕನ್ನಡಕ್ಕೆ ಧಾರವಾಡ, ಬೆಂಗಳೂರುಗಳೇ ಗತಿ. ಸಮಾಜ ವಿಜ್ಞಾನದ ಟೀಚರಾದ್ದರಿಂದ ಒಂದು ಮಾತು ಸೇರಿಸದಿದ್ದರೆ ನನಗೆ ಸಮಾಧಾನವಿಲ್ಲ: ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಸ್ವಂತ ಉತ್ಸಾಹದಿಂದ ನಡೆಸತೊಡಗಿದ ಕೇಂದ್ರದ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ಇಡೀ ದೇಶದ ರೇಡಿಯೋಗೆ ಬಂದದ್ದು.

ಸ್ವಿಚ್ ಹಾಕಿದ ಕೂಡಲೇ ಅದು ಮಾತಾಡುತ್ತಿರಲಿಲ್ಲ. ಮೊದಲು ಗಾಜಿನ ಹಿಂದೆ ಹಳದಿ ದೀಪ, ಆಮೇಲೆ ಮೂಲೆಯ ಹಸಿರು ಕಣ್ಣು ನಿಧಾನಕ್ಕೆ ತೆರೆದುಕೊಳ್ಳುವುದು, ಅನಂತರ ಧ್ವನಿ. ಕಡೆಗಾಲದಲ್ಲಿ ಧ್ವನಿಗೂ ಮುಂಚೆ ಒಂದು ‘ಗುಂಯ್’ ಬರತೊಡಗಿತ್ತು. ಅಮ್ಮ ಒಗ್ಗರಣೆ ಹಾಕುತ್ತಾ “ಭಾಗವತರು ಬರೋದಕ್ಕೆ ಮೊದಲೇ ನಿಮ್ಮ ರೇಡಿಯೋ ತಂಬೂರಿ ಹಿಡಕೊಂಡು ಕೂತಿರತ್ತೆ” ಎನ್ನುತ್ತಿದ್ದಳು.

1984ರ ದೀಪಾವಳಿಯ ವಾರ ಅದು ದೀಪವನ್ನೂ ಹತ್ತಿಸದೆ ಸುಮ್ಮನಾಯಿತು. ಅಪ್ಪಯ್ಯ “ಫ್ಯೂಸ್ ಹೋಗಿರಬೇಕು, ಹಬ್ಬ ಮುಗಿಯಲಿ, ಅಂಗಡಿ ತೆಗೆದ ಮೇಲೆ ನೋಡೋಣ” ಎಂದು ಕಚೇರಿಯ ಕೆಲಸದ ಮೇಲೆ ಹೊರಟರು. ನಾನು ಎಸ್ಸೆಸ್ಸೆಲ್ಸಿ. ಅವತ್ತು ಬುಧವಾರ. ಬುಧವಾರ ರಾತ್ರಿ ಸಿಲೋನಿನಿಂದ ಅಮೀನ್ ಸಯಾನಿಯವರ ಗೀತ್‌ಮಾಲಾ. ಹಿಂದಿ ಪೂರ್ತಿ ಅರ್ಥವಾಗದಿದ್ದರೂ ಯಾವ ಹಾಡು ಎಷ್ಟನೆಯ ಮೆಟ್ಟಿಲು ಎಂದು ಗುರುವಾರ ಶಾಲೆಯಲ್ಲಿ ಹೇಳದಿದ್ದರೆ ಮಾನ ಹೋಗುತ್ತಿತ್ತು. ಫ್ಯೂಸಿಗೆ ಬೆಳ್ಳಿ ಕಾಗದ ಸುತ್ತಿದರೆ ಸಾಕೆಂದು ಪಕ್ಕದ ಮನೆಯ ಹುಡುಗ ಒಮ್ಮೆ ಜಂಬ ಕೊಚ್ಚಿದ್ದ. ಮಧ್ಯಾಹ್ನ ಅಮ್ಮ ಮಲಗಿದ ಸಮಯ ನೋಡಿ ಹಿಂದಿನ ರಟ್ಟಿನ ನಾಲ್ಕು ಸ್ಕ್ರೂ ಬಿಚ್ಚಿದೆ. ಸುಟ್ಟಿದ್ದ ಗಾಜಿನ ಫ್ಯೂಸಿಗೆ ಚಾಕಲೇಟಿನ ಬೆಳ್ಳಿ ಕಾಗದ ಸುತ್ತಿ ಮತ್ತೆ ಸಿಕ್ಕಿಸಿದೆ. ಮುಚ್ಚುವಾಗ ಒಂದು ಸ್ಕ್ರೂ ಕೈಜಾರಿ ನೆಲದ ಬಿರುಕಿನೊಳಗೆ ಹೋಯಿತು. ಮೂರರಲ್ಲೇ ಮುಚ್ಚಿದೆ. ರೇಡಿಯೋ ಹಾಡಿತು. ಅಪ್ಪಯ್ಯ ಬಂದಾಗ “ತಾನಾಗೇ ಸರಿಯಾಯ್ತು” ಎಂದೆ.

ಮುಂದಿನ ಬುಧವಾರ ಅಕ್ಟೋಬರ್ 31. ಇಂದಿರಾ ಗಾಂಧಿಯವರಿಗೆ ಬೆಳಿಗ್ಗೆ ಗುಂಡು ಹೊಡೆದರಂತೆ ಎಂಬ ಸುದ್ದಿ ಊರಿಗೆ ಬರುವಷ್ಟರಲ್ಲಿ ಅಂಗಡಿಗಳು ಬಾಗಿಲು ಹಾಕಿಕೊಂಡವು. ಟ್ರಾನ್ಸಿಸ್ಟರ್ ಎಷ್ಟೋ ಮನೆಗಳಲ್ಲಿದ್ದರೂ ನಮ್ಮ ರೇಡಿಯೋದ ದನಿ ದೊಡ್ಡದು, ಬೀದಿಗೇ ಕೇಳುತ್ತಿತ್ತು. ಜಗಲಿಯ ತುಂಬ ಜನ. ಮಧ್ಯಾಹ್ನದಿಂದ ಯಾರೂ ಅದನ್ನು ಆರಿಸಲಿಲ್ಲ. ಸಂಜೆ ವಾರ್ತೆಯ ಹೊತ್ತಿಗೆ ಎಲ್ಲರೂ ಉಸಿರು ಬಿಗಿಹಿಡಿದು ಕೂತಿದ್ದಾಗ ಒಳಗೆ ‘ಟಪ್’ ಎಂದಿತು. ಬಿಳಿ ಹೊಗೆ, ಮೂಗಿಗೆ ಅಡರುವ ಕೆಟ್ಟ ನಾತ. ಹಸಿರು ಕಣ್ಣು ಮುಚ್ಚಿಕೊಂಡಿತು. ಅಪ್ಪಯ್ಯ ಸ್ವಿಚ್ ಆರಿಸಿ, ಅದರ ಮೈಮೇಲೆ ಕೈಯಿಟ್ಟುಕೊಂಡು, “ವಯಸ್ಸಾಯ್ತು ನೋಡಿ ಇದಕ್ಕೆ” ಎಂದು ಇಡೀ ಜಗಲಿಗೆ ಕ್ಷಮೆ ಕೇಳುವವರ ಹಾಗೆ ನಕ್ಕರು. ಯಾರೋ ಓಡಿ ಹೋಗಿ ಟ್ರಾನ್ಸಿಸ್ಟರ್ ತಂದರು. ಜನ ಸುದ್ದಿಯ ಕಡೆ ತಿರುಗಿದರು. ನಾನು ಅಪ್ಪಯ್ಯನ ಕೈಯನ್ನೇ ನೋಡುತ್ತಿದ್ದೆ.

ರಿಪೇರಿಗೆ ಅದು ಹೋಗಲೇ ಇಲ್ಲ. ಅಪ್ಪಯ್ಯ ಒಂದು ಟ್ರಾನ್ಸಿಸ್ಟರ್ ತಂದರು, ರೇಡಿಯೋ ಕಪಾಟಿನ ಮೇಲೇರಿತು. ಟ್ರಾನ್ಸ್‌ಫಾರ್ಮರ್ ಸುಟ್ಟಿದೆ, ಅದಕ್ಕೇ ರಿಪೇರಿ ಇಲ್ಲ, ಸುಟ್ಟವಳು ನಾನು ಎಂದು ಲೆಕ್ಕ ಹಾಕಿಕೊಂಡೆ. ಬೇರೆಯವರು ಕೊಟ್ಟಿದ್ದರೆ ಆ ಶಿಕ್ಷೆ ಇಷ್ಟು ವರ್ಷ ಬಾಳುತ್ತಿರಲಿಲ್ಲ.

ಶಿವಮೊಗ್ಗದ ಹಳೆಯ ಪೇಟೆಯ ಓಣಿಯೊಂದರಲ್ಲಿ ಎಲ್ಲರೂ ‘ರೇಡಿಯೋ ಸಾಬರು’ ಎನ್ನುವ ಹಿರಿಯರೊಬ್ಬರಿದ್ದಾರೆ ಎಂದು ಹೇಳಿದವರು ನಮ್ಮ ಶಾಲೆಯ ವಿಜ್ಞಾನದ ಮೇಷ್ಟರು. ರಂಜಾನ್ ಮುಗಿದ ವಾರ ಹೋದೆ. ಎಪ್ಪತ್ತೆಂಟು ವರ್ಷ. ಅಂಗಡಿಯನ್ನು ಮಗ ಮೊಬೈಲ್ ರಿಪೇರಿಗೆ ಬಿಟ್ಟುಕೊಂಡು, ತಂದೆಗೆ ಹಿಂದಿನ ಕೋಣೆಯಲ್ಲಿ ಒಂದು ಮೇಜು ಉಳಿಸಿದ್ದ. ಕೈ ನಡುಗುತ್ತಿತ್ತು, ಒಂದು ಕಣ್ಣಿಗೆ ಪೊರೆ.

“ಟೀಚರಮ್ಮಾ, ಕರೆಂಟ್ ಕೊಟ್ಟು ನೋಡಿದ್ರಾ?”

“ಇಲ್ಲ ಸಾಬ್ರೇ.”

“ದೇವರು ದೊಡ್ಡವನು. ಎಲ್ಲರೂ ತಂದ ಕೂಡಲೇ ಪ್ಲಗ್ ಹಾಕ್ತಾರೆ. ಮೂವತ್ತು ದಿನ ರೋಜಾ ಇದ್ದೋನೂ ಸಂಜೆ ಮೊದಲು ಒಂದು ಖರ್ಜೂರ, ಒಂದು ಗುಟುಕು ನೀರು ತಗೋತಾನೆ. ಇದು ಮೂವತ್ತೆಂಟು ವರ್ಷ ಉಪವಾಸ ಇದೆ. ಒಮ್ಮೆಗೇ ಬಿರಿಯಾನಿ ಕೊಟ್ರೆ ಸಾಯತ್ತೆ.”

ಅವರು ಮಾಡಿದ ಕರಾರು ಇಷ್ಟು: ಕೈ ನಿಮ್ಮದು, ತಲೆ ನನ್ನದು. ಹೇಳಿ ಕೇಳಿ ನಾನು ಬಿ.ಎ., ಬಿ.ಎಡ್. ಮನೆಯಲ್ಲಿ ಮಿಕ್ಸಿ ನಿಂತರೂ ‘ರೀ’ ಎಂದು ಕೂಗುವವಳು. ಆದರೂ ಒಪ್ಪಿದೆ. ಬೇಸಿಗೆ ರಜೆಯ ಸಂಜೆಗಳು ಹೀಗೆ ಒಬ್ಬ ಮೇಷ್ಟರ ಎದುರು ಕೂತು ಕಳೆದವು. ತಪ್ಪು ಮಾಡಿದಾಗ ಅವರು ಬೈಯುತ್ತಿರಲಿಲ್ಲ, ಕನ್ನಡಕ ತೆಗೆದು ಒರೆಸುತ್ತಿದ್ದರು. ಆ ಒರೆಸುವಿಕೆಯನ್ನು ಈ ವರ್ಷದಿಂದ ನಾನೂ ತರಗತಿಯಲ್ಲಿ ಪ್ರಯೋಗಿಸುತ್ತಿದ್ದೇನೆ.

ಮೊದಲ ಪಾಠ ಭಯದ್ದು. ವಾಲ್ವ್ ರೇಡಿಯೋದ ಒಳಗೆ ಇನ್ನೂರೈವತ್ತು ವೋಲ್ಟಿಗೂ ಮೇಲಿನ ಕರೆಂಟು ಓಡಾಡುತ್ತದೆ. ಪ್ಲಗ್ ಕಿತ್ತ ಮೇಲೂ ಕಂಡೆನ್ಸರಿನಲ್ಲಿ ಅದು ಹೊಂಚು ಹಾಕಿ ಕೂತಿರಬಹುದು. ಆದ್ದರಿಂದ ಒಂದು ರೆಸಿಸ್ಟರ್ ಮುಟ್ಟಿಸಿ ಅದನ್ನು ಖಾಲಿ ಮಾಡಬೇಕು, ಖಾಲಿಯಾಯಿತೆಂದು ಮೀಟರಿನಲ್ಲಿ ನೋಡಬೇಕು, ಕರೆಂಟ್ ಇರುವಾಗ ಅಳೆಯಬೇಕಾದರೆ ಎಡಗೈ ಬೆನ್ನ ಹಿಂದೆ ಇರಬೇಕು. ಎರಡೂ ಕೈ ಒಳಗಿಟ್ಟರೆ ಕರೆಂಟಿಗೆ ಎದೆಯ ಮೂಲಕ ದಾರಿ ಸಿಗುತ್ತದೆ. ಇದನ್ನು ಓದಿ ನಿಮ್ಮ ಅಜ್ಜನ ರೇಡಿಯೋ ಇಳಿಸುವವರಿದ್ದರೆ ತಿಳಿದವರನ್ನು ಪಕ್ಕದಲ್ಲಿಟ್ಟುಕೊಳ್ಳದೆ ಸ್ಕ್ರೂ ಮುಟ್ಟಬೇಡಿ. ಟೀಚರ್ ಬುದ್ಧಿ, ಹೇಳದೆ ಇರಲಾರೆ.

“ಬಿಚ್ಚಿ” ಎಂದರು. ಹಿಂದಿನ ರಟ್ಟು ತಿರುಗಿಸಿದೆ. ಒಂದು, ಎರಡು, ಮೂರು... ನಾಲ್ಕು. ನಾಲ್ಕನೆಯ ಸ್ಕ್ರೂ ಇತ್ತು. ಉಳಿದ ಮೂರು ತುಕ್ಕು ಹಿಡಿದ ಕಬ್ಬಿಣದವು, ಇದು ಚಿಕ್ಕದು, ಹಿತ್ತಾಳೆಯದು. ಸುಮ್ಮನೆ ಬಿಚ್ಚಿ ಒಂದು ಬಟ್ಟಲಿಗೆ ಹಾಕಿದೆ. ಒಳಗೆ ಫ್ಯೂಸಿನ ಜಾಗಕ್ಕೆ ಕಣ್ಣು ಹೋಯಿತು. ಬೆಳ್ಳಿ ಕಾಗದ ಇರಲಿಲ್ಲ. ಗಾಜಿನ ಹೊಸ ಫ್ಯೂಸ್. ಕೂದಲಿನಂಥ ತಂತಿ ತುಂಡಾಗದೆ ಹಾಗೇ ಇತ್ತು.

ಸಾಬರು ಮಾತ್ರ ಬೇರೆಲ್ಲೋ ನೋಡುತ್ತಿದ್ದರು. “ಮೊದಲು ಮೂಗು, ಆಮೇಲೆ ಕಣ್ಣು, ಆಮೇಲೆ ಮೀಟರು” ಎನ್ನುತ್ತಾ ಮೂಸಿದರು. “ಟ್ರಾನ್ಸ್‌ಫಾರ್ಮರ್ ಸುಟ್ಟರೆ ಅರಗು ಸುಟ್ಟ ವಾಸನೆ ಎಷ್ಟು ವರ್ಷವಾದರೂ ಹೋಗಲ್ಲ. ಇದರಲ್ಲಿ ಇಲ್ಲ. ಆ ಡಬ್ಬಿ ನೋಡಿ.” ಡಬ್ಬಿ ಎಂದರೆ ಹೆಬ್ಬೆರಳಿಗಿಂತ ದಪ್ಪದ, ಅಲ್ಯೂಮಿನಿಯಂ ಮೈಯ ಕಂಡೆನ್ಸರ್. ಅದರ ಬುಡ ಉಬ್ಬಿ ಬಿರಿದು, ಸುತ್ತ ಉಪ್ಪು ಬಿಳಿಚಿದ ಹಾಗೆ ಪುಡಿ ಹೆಪ್ಪುಗಟ್ಟಿತ್ತು. ಅವತ್ತಿನ ‘ಟಪ್’ ಇದೇ.

ಈ ಕರೆಂಟಿನ ಸಂಸಾರ ನನಗೆ ಅರ್ಥವಾದ ಬಗೆ ಹೀಗೆ. ಗೋಡೆಯಿಂದ ಬರುವ ಕರೆಂಟು ಸೆಕೆಂಡಿಗೆ ಐವತ್ತು ಸಲ ಹಿಂದಕ್ಕೂ ಮುಂದಕ್ಕೂ ತೂಗುತ್ತದೆ. ವಾಲ್ವಿಗೆ ಬೇಕಾದದ್ದು ಒಂದೇ ದಿಕ್ಕಿಗೆ ಹರಿಯುವುದು. ಟ್ರಾನ್ಸ್‌ಫಾರ್ಮರ್ ಮೊದಲು ವೋಲ್ಟೇಜನ್ನು ಎರಡು ಪಾಲು ಮಾಡುತ್ತದೆ: ವಾಲ್ವುಗಳ ಒಳಗಿನ ಕೆಂಪು ತಂತಿ ಕಾಯಿಸಲು 6.3 ವೋಲ್ಟು, ಕೆಲಸ ಮಾಡಿಸಲು ಎರಡು ಕಡೆ ಇನ್ನೂರೈವತ್ತರಷ್ಟು. ಆಮೇಲೆ ರೆಕ್ಟಿಫೈಯರ್ ವಾಲ್ವ್. ನಮ್ಮದರಲ್ಲಿ ಇ.ಜೆಡ್. 80. ಸೈಕಲ್ ಟ್ಯೂಬಿನ ವಾಲ್ವ್ ನೋಡಿದ್ದೀರಲ್ಲ, ಗಾಳಿ ಒಳಗೆ ಹೋಗಬಹುದು, ಹೊರಗೆ ಬರುವಂತಿಲ್ಲ. ಇದೂ ಹಾಗೆಯೇ. ಇಂಗ್ಲೆಂಡಿನ ಫ್ಲೆಮಿಂಗ್ 1904ರಲ್ಲಿ ಮೊದಲ ಇಂಥದನ್ನು ಮಾಡಿದಾಗ ಆ ಕಾರಣಕ್ಕೇ ವಾಲ್ವ್ ಎಂದು ಕರೆದ. ಆದರೆ ಹಾಗೆ ದಾಟಿ ಬಂದ ಕರೆಂಟು ನಮ್ಮ ಊರಿನ ನಲ್ಲಿ ನೀರಿನಂತೆ ಬಿಟ್ಟು ಬಿಟ್ಟು ಬರುತ್ತದೆ. ಮನೆಯಲ್ಲಿ ನಾವು ಏನು ಮಾಡುತ್ತೇವೆ? ತೊಟ್ಟಿಯಲ್ಲಿ ತುಂಬಿಟ್ಟುಕೊಂಡು ಒಂದೇ ಸಮನೆ ಬಳಸುತ್ತೇವೆ. ಆ ತೊಟ್ಟಿಯೇ ಕಂಡೆನ್ಸರ್. ತೊಟ್ಟಿ ಒಣಗುತ್ತಾ ಬಂದರೆ ಬಿಟ್ಟು ಬಿಟ್ಟು ಬರುವುದು ಧ್ವನಿಗೂ ತಟ್ಟುತ್ತದೆ. ಸೆಕೆಂಡಿಗೆ ನೂರು ಸಲ. ಅಮ್ಮನ ತಂಬೂರಿ ಅದು.

“ಗುಂಯ್ ಅಂತಿತ್ತಾ ಮೊದಲೇ?” ಎಂದು ಸಾಬರು ಕೇಳಿದರು.

“ಒಂದು ವರ್ಷದಿಂದ.”

“ಹಾಗಾದರೆ ಒಂದು ವರ್ಷದಿಂದ ಹೇಳ್ತಾ ಇತ್ತು. ಯಾರೂ ಕೇಳಲಿಲ್ಲ.”

ನೂರು ವ್ಯಾಟಿನ ಹಳೆಯ ಕಾಲದ ತಂತಿಯ ಬಲ್ಬು ಬೇಕೆಂದರು. ಎಲ್‌ಇಡಿ ಆಗದು. ಇಡೀ ಶಿವಮೊಗ್ಗ ಸುತ್ತಿದೆ. ಅಂಗಡಿಯವರು ನನ್ನನ್ನು ಮ್ಯೂಸಿಯಂನಿಂದ ತಪ್ಪಿಸಿಕೊಂಡು ಬಂದವಳಂತೆ ನೋಡಿದರು. ಕಡೆಗೆ ಕೋಳಿಮರಿ ಕಾವಿಗೆಂದು ಬಲ್ಬು ಇಟ್ಟಿದ್ದ ಅಂಗಡಿಯಲ್ಲಿ ಸಿಕ್ಕಿತು. “ಎಷ್ಟು ಮರಿ ಇದಾವೆ ಮೇಡಂ?” ಎಂದು ಕೇಳಿದ. “ಒಂದೇ” ಎಂದೆ.

ಬಲ್ಬನ್ನು ರೇಡಿಯೋಗೆ ಕರೆಂಟು ಹೋಗುವ ದಾರಿಯಲ್ಲಿ ಸಾಲಾಗಿ ಕೂರಿಸಬೇಕು. ಒಳಗೆ ಎಲ್ಲಾದರೂ ಶಾರ್ಟ್ ಆಗಿದ್ದರೆ ಬಲ್ಬು ಪೂರ್ತಿ ಉರಿಯುತ್ತದೆ, ರೇಡಿಯೋ ಉಳಿಯುತ್ತದೆ. ಶಾರ್ಟ್ ಇಲ್ಲದಿದ್ದರೆ ಮಂಕಾಗುತ್ತದೆ. ಅದಕ್ಕೂ ಮೊದಲು ಹಿಂಬದಿಯ ವೋಲ್ಟೇಜ್ ಗುಂಡಿಯನ್ನು ಬೆರಳಲ್ಲಿ ತಡವಿ ಸಾಬರು “ಇದನ್ನ ಇನ್ನೂರಕ್ಕೆ ಇಟ್ಟೋರು ಯಾರು?” ಎಂದರು.

ಅಪ್ಪಯ್ಯನೇ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದು ನಮ್ಮ ತಾಲ್ಲೂಕಿನ ನೀರು ನಾಡಿಗೆಲ್ಲ ಬೆಳಕು ಕೊಟ್ಟರೂ, ದೀಪದ ಬುಡದಲ್ಲಿ ಕತ್ತಲೆ ಎಂಬಂತೆ ನಮ್ಮ ಬೀದಿಯಲ್ಲಿ ಸಂಜೆಯಾದರೆ ಬಲ್ಬು ಕೆಂಪು ದಾರದಂತಾಗುತ್ತಿತ್ತು. ರೇಡಿಯೋ ದನಿ ಕುಗ್ಗದಿರಲೆಂದು ಅಪ್ಪಯ್ಯ ಗುಂಡಿಯನ್ನು ಇನ್ನೂರಕ್ಕೆ ತಿರುಗಿಸಿದ್ದರು. ಮುಂದೆ ವೋಲ್ಟೇಜ್ ಸರಿಯಾಯಿತು, ಗುಂಡಿ ಹಾಗೇ ಉಳಿಯಿತು. ಗೋಡೆಯಲ್ಲಿ ನಾವು ಅಳೆದದ್ದು 238. ಗುಂಡಿ ಇನ್ನೂರರಲ್ಲಿದ್ದರೆ ಒಳಗಿನ 6.3 ವೋಲ್ಟು ಏಳೂವರೆ ಆಗುತ್ತದೆ, ಇನ್ನೂರೈವತ್ತು ಮುನ್ನೂರರ ಹತ್ತಿರ ಹೋಗುತ್ತದೆ. ಕಾಯಿಲೆಯವನಿಗೆ ಪ್ರೀತಿಯಿಂದ ದಿನವೂ ಎರಡು ತುತ್ತು ಹೆಚ್ಚಿಗೆ ತುರುಕಿದ ಹಾಗೆ. ಗುಂಡಿಯನ್ನು 240ಕ್ಕೆ ತಿರುಗಿಸಿದೆ.

ರೆಕ್ಟಿಫೈಯರ್ ವಾಲ್ವ್ ಕಿತ್ತಿಟ್ಟು, ಬಿರಿದ ಕಂಡೆನ್ಸರ್ ಬಿಡಿಸಿ, ಬರೀ ಟ್ರಾನ್ಸ್‌ಫಾರ್ಮರಿಗೆ ಬಲ್ಬಿನ ಮೂಲಕ ಕರೆಂಟ್ ಕೊಡುವ ಹೊತ್ತು ಬಂತು. ಸಾಬರಿಗೆ ಇದು ಒಂದು ಪರೀಕ್ಷೆ. ನನಗೆ ಫಲಿತಾಂಶ. ಬಲ್ಬು ಪೂರ್ತಿ ಉರಿದರೆ ಟ್ರಾನ್ಸ್‌ಫಾರ್ಮರ್ ಸುಟ್ಟದ್ದು ನಿಜ, ನನ್ನ ಬೆಳ್ಳಿ ಕಾಗದವೇ ಸುಟ್ಟದ್ದು. ಸ್ವಿಚ್ಚಿನ ಮೇಲೆ ಬೆರಳಿಟ್ಟುಕೊಂಡು ಎಷ್ಟು ಹೊತ್ತು ನಿಂತೆನೋ, “ಟೀಚರಮ್ಮಾ, ಮಗ್ರಿಬ್ ನಮಾಜಿನ ಹೊತ್ತಾಯ್ತು” ಎಂದರು. ಹಾಕಿದೆ.

ಬಲ್ಬು ಒಮ್ಮೆ ಮಿಂಚಿ, ಬೀಡಿಯ ತುದಿಯಷ್ಟು ಕೆಂಪಾಗಿ ನಿಂತಿತು. ರೇಡಿಯೋದ ಗಾಜಿನ ಹಿಂದಿನ ಹಳದಿ ದೀಪ ಹತ್ತಿಕೊಂಡಿತು.

“ಬದುಕಿದೆ” ಎಂದು ಸಾಬರು ಟೋಪಿ ಸರಿಮಾಡಿಕೊಂಡು ಎದ್ದು ಹೋದರು. ಅವರು ನಮಾಜು ಮುಗಿಸಿ ಬರುವವರೆಗೆ ಆ ಕೋಣೆಯಲ್ಲಿ ನಾನೊಬ್ಬಳೇ ಇದ್ದದ್ದು ಒಳ್ಳೆಯದಾಯಿತು.

ಆಮೇಲೆ ಅವರು ತನಿಖೆ ವಿವರಿಸಿದರು. ರೆಕ್ಟಿಫೈಯರ್ ವಾಲ್ವಿನ ಒಳಗೆ ಒಂದು ಪಟ್ಟಿ ಸುಟ್ಟು ತುಂಡಾಗಿತ್ತು. ಬೆಳಕಿಗೆ ಹಿಡಿದಾಗ ನನಗೂ ಕಂಡಿತು. ಕಂಡೆನ್ಸರ್ ಶಾರ್ಟ್ ಆದ ಗಳಿಗೆಯಲ್ಲಿ ಹರಿದ ಹುಚ್ಚು ಕರೆಂಟಿಗೆ ಅದು ತಾನು ಸುಟ್ಟುಕೊಂಡು ದಾರಿ ಮುಚ್ಚಿತ್ತು. ಟ್ರಾನ್ಸ್‌ಫಾರ್ಮರ್ ಉಳಿದದ್ದು ಹಾಗೆ. ಫ್ಯೂಸ್ ಮಾಡಬೇಕಾದ ಕೆಲಸವನ್ನು ವಾಲ್ವ್ ಮಾಡಿತ್ತು. “ಫ್ಯೂಸ್ ಯಾಕೆ ಹೋಗಲಿಲ್ಲ ಅಂತಾನೇ ಗೊತ್ತಾಗ್ತಿಲ್ಲ, ಹೋಗಲೇಬೇಕಿತ್ತು” ಎಂದು ಅವರು ತಲೆ ಕೆರೆದುಕೊಂಡರು. ಆಗ ಹೇಳಿದೆ. ಬೆಳ್ಳಿ ಕಾಗದ, ಗೀತ್‌ಮಾಲಾ, ಕಳೆದ ಸ್ಕ್ರೂ, ಎಲ್ಲ. ಮನೆಯವರಿಗೆ ಹೇಳದ್ದನ್ನು ಒಬ್ಬ ಮೂರನೆಯವರಿಗೆ ಹೇಳಿದ್ದೆ.

ಸಾಬರು ಕನ್ನಡಕ ತೆಗೆದು ಒರೆಸಿದರು. “ಹಾಗಾದರೆ ಈ ಒಳ್ಳೆ ಫ್ಯೂಸು ಸುಟ್ಟ ಮೇಲೆ ಹಾಕಿದ್ದು. ಯಾರೋ ಬಿಚ್ಚಿದಾರೆ, ನಿಮ್ಮ ಕಾಗದ ತೆಗೆದಿದಾರೆ, ಹೊಸದು ಹಾಕಿದಾರೆ. ದೀಪ ಹತ್ತಿದೆ, ಮಾತು ಬಂದಿಲ್ಲ. ಮುಚ್ಚಿದಾರೆ.”

ಯಾರೋ ಎಂದರೆ ಯಾರು? ಆ ಮನೆಯಲ್ಲಿ ಸ್ಕ್ರೂಡ್ರೈವರ್ ಹಿಡಿಯುತ್ತಿದ್ದವರು ಒಬ್ಬರೇ.

ನಡುವೆ ಒಂದು ವಾರ ಕೆಲಸ ನಿಂತಿತು. ಮೇ 10ಕ್ಕೆ ವಿಧಾನಸಭಾ ಚುನಾವಣೆ. ತರಬೇತಿ, ಮತಯಂತ್ರ, ಅಳಿಸದ ಶಾಯಿ ಎಂದು ನಾವು ಮಾಸ್ತರ ಮಂದಿಗೆಲ್ಲ ಓಡಾಟ. ಅಷ್ಟರಲ್ಲಿ ತಮ್ಮ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಹೊಸ ಕಂಡೆನ್ಸರುಗಳನ್ನು ತಂದು ಕೊರಿಯರ್ ಮಾಡಿದ್ದ. ಹಳೆಯದು 32 ಮೈಕ್ರೋಫ್ಯಾರಡ್. ಆ ಲೆಕ್ಕ ಈಗ ಸಿಗುವುದಿಲ್ಲ, 47 ಸಿಗುತ್ತದೆ. ಇನ್ನೂ ದೊಡ್ಡದು ಹಾಕಿದರೆ ಇನ್ನೂ ಒಳ್ಳೆಯದಲ್ಲವೇ ಎಂದು ನಾನು ಬುದ್ಧಿವಂತಿಕೆ ತೋರಿಸಿದೆ. ಆಗದಂತೆ. ತೊಟ್ಟಿ ದೊಡ್ಡದಾದಷ್ಟೂ ಮೊದಲು ತುಂಬುವಾಗ ವಾಲ್ವಿಗೆ ಏದುಸಿರು. ಇ.ಜೆಡ್. 80 ತಡೆಯುವುದು 50ರವರೆಗೆ. ಹೊಸವು ನನ್ನ ಕಿರುಬೆರಳಿನ ಅರ್ಧದಷ್ಟಿದ್ದವು. ಸಾಬರು ತಮ್ಮ ತಗಡಿನ ಪೆಟ್ಟಿಗೆಯಿಂದ ಹಳೆಯ ಪೇಪರಿನಲ್ಲಿ ಸುತ್ತಿಟ್ಟಿದ್ದ ವಾಲ್ವೊಂದನ್ನು ಬಾಳಂತಿ ಮಗುವನ್ನು ಕೊಡುವಂತೆ ನನ್ನ ಕೈಗೆ ಕೊಟ್ಟರು. ಅದರ ಬದಲು ಎರಡು ಡಯೋಡ್ ಹಾಕಬಹುದು, ಆದರೆ ಉಳಿದ ವಾಲ್ವುಗಳು ಬಿಸಿಯಾಗುವ ಮುಂಚೆಯೇ ವೋಲ್ಟೇಜ್ ನುಗ್ಗಿಬಿಡುತ್ತದೆ, ಅವರಿಗೆ ಅದು ಇಷ್ಟವಿಲ್ಲ. ಬೆಸುಗೆಯನ್ನು ನಾನೇ ಹಾಕಿದೆ. ಮೊದಲ ಬೆಸುಗೆ ಸುಟ್ಟ ಚಕ್ಕುಲಿಯಂತೆ, ನಾಲ್ಕನೆಯದು ಪರವಾಗಿಲ್ಲ.

ಮತ್ತೆ ಬಲ್ಬಿನ ಮೂಲಕ ಕರೆಂಟ್. ಮೀಟರು 100, 150, 200 ಎಂದು ಹತ್ತಿತು. ನನಗೆ ಚಪ್ಪಾಳೆ ತಟ್ಟುವಷ್ಟು ಖುಷಿ. ಅಷ್ಟರಲ್ಲಿ ಅದು ಇಳಿಯತೊಡಗಿತು. 190, 170, 150. ಬಲ್ಬು ಪ್ರಕಾಶವಾಗುತ್ತಾ ಬಂತು. “ಆರಿಸಿ! ಆರಿಸಿ!” ಎಂದು ಸಾಬರು ಕೂಗಿದರು. ವಾಲ್ವುಗಳು ಬಿಸಿಯಾದಾಗ ಸ್ವಲ್ಪ ಇಳಿಯುವುದು ಸಹಜ, ಇಷ್ಟು ಇಳಿಯಬಾರದು.

ತೊಟ್ಟಿ ಹೊಸದು, ನಲ್ಲಿ ಸರಿಯಿದೆ, ಆದರೂ ನೀರು ನಿಲ್ಲುತ್ತಿಲ್ಲ. ಎಲ್ಲೋ ಯಾರೋ ಅಳತೆ ಮೀರಿ ಸೆಳೆಯುತ್ತಿದ್ದಾರೆ. ಸ್ಪೀಕರಿಗೆ ದನಿ ಕೊಡುವ ವಾಲ್ವನ್ನು ಕಿತ್ತು ನೋಡಿದರೆ ವೋಲ್ಟೇಜ್ ಕುಸಿಯದೆ ನಿಂತಿತು. ಮತ್ತೆ ಕೂರಿಸಿ ಅದರ ಗ್ರಿಡ್ಡಿನಲ್ಲಿ ಅಳೆಸಿದರು. ಅಲ್ಲಿ ಸೊನ್ನೆ ಇರಬೇಕು. ನನ್ನ ಮೀಟರು 14 ತೋರಿಸಿತು. ಸಾಬರ ಮುಖ ಅರಳಿತು. “ಸಿಕ್ಕಿದ ಕಳ್ಳ!”

ಕಳ್ಳ ಎಂದರೆ ಕಡ್ಡಿಯಷ್ಟು ದಪ್ಪದ, ಮೇಣ ಬಳಿದ ಕಾಗದದ ಪುಟ್ಟ ಕಂಡೆನ್ಸರ್. ಹಿಂದಿನ ವಾಲ್ವಿನಿಂದ ದನಿಯನ್ನು ಮಾತ್ರ ಬಿಟ್ಟು ವೋಲ್ಟೇಜನ್ನು ತಡೆಯುವುದು ಅದರ ಕೆಲಸ. ಮಲೆನಾಡಿನ ತೇವ ಕುಡಿದು ಕುಡಿದು ಅದು ಸೋರತೊಡಗಿತ್ತು. ಸೋರಿದ ವೋಲ್ಟೇಜಿನಿಂದ ದನಿಯ ವಾಲ್ವ್ ಮೈಮರೆತು ಕರೆಂಟು ಕುಡಿಯತೊಡಗಿತ್ತು. ಅಷ್ಟನ್ನೂ ಒದಗಿಸಿ ಒದಗಿಸಿ ರೆಕ್ಟಿಫೈಯರ್ ಬಳಲಿತ್ತು, ಒಳಗೆಲ್ಲ ಕಾವು ಏರಿತ್ತು. ಆ ದೀಪಾವಳಿಗೆ ಫ್ಯೂಸ್ ಹೋದದ್ದು ಸುಮ್ಮನಲ್ಲ. ಸೋರುವ ಕಾಗದ, ಒಣಗಿದ ತೊಟ್ಟಿ, ಅಪ್ಪಯ್ಯನ ಇನ್ನೂರರ ಗುಂಡಿ, ಎಲ್ಲ ಸೇರಿ ಅದನ್ನು ಕಡಿದಿದ್ದವು. ಅಲ್ಲಿಗೇ ನಿಂತಿದ್ದರೆ ಒಂದೆರಡು ಕಂಡೆನ್ಸರಿಗೆ ಮುಗಿಯುತ್ತಿತ್ತು. ನಾನು ಬೆಳ್ಳಿ ಕಾಗದ ಸುತ್ತಿ ಅದರ ಬಾಯಿ ಮುಚ್ಚಿದೆ. ನನ್ನ ಪಾಲು ಅಷ್ಟು. ನಾನು ಅಂದುಕೊಂಡಿದ್ದಕ್ಕಿಂತ ಕಡಿಮೆ, ಆದರೆ ಇಲ್ಲದೇ ಇಲ್ಲ.

ಆ ಪುಟ್ಟದನ್ನೂ ಬದಲಾಯಿಸಿದೆವು. ಬಲ್ಬು ಮಂಕಾಯಿತು. ಬಲ್ಬು ತೆಗೆದು ನೇರ ಕರೆಂಟ್ ಕೊಟ್ಟಾಗ ಮೀಟರು 248ರಲ್ಲಿ ಅಲುಗಾಡದೆ ನಿಂತಿತು. ಗ್ರಿಡ್ಡಿನಲ್ಲಿ ಸೊನ್ನೆ. ಹಸಿರು ಕಣ್ಣು ಹಿಂದಿನಷ್ಟಲ್ಲದಿದ್ದರೂ ಮಬ್ಬಾಗಿ ತೆರೆಯಿತು. ಏರಿಯಲ್ಲಿಗೆ ಬಟ್ಟೆ ಒಣಹಾಕುವ ತಂತಿ. ಕಿವಿ ತಿರುಪುತ್ತಾ ಹೋದಂತೆ ಚರಚರ, ಯಾವುದೋ ಭಾಷೆಯ ಪ್ರಾರ್ಥನೆ, ಮತ್ತೆ ಚರಚರ. ಆಮೇಲೆ ಕನ್ನಡದಲ್ಲಿ ಒಬ್ಬರು ಅಡಿಕೆಗೆ ಬೋರ್ಡೋ ದ್ರಾವಣ ಸಿಂಪಡಿಸುವುದನ್ನು ಹೇಳುತ್ತಿದ್ದರು. ಭದ್ರಾವತಿಯೋ ಧಾರವಾಡವೋ ತಿಳಿಯುವ ಮುನ್ನವೇ ಸಾಬರ ಮಗ ಮೊಬೈಲ್ ಬಿಟ್ಟು ಎದ್ದು ಬಂದ. ಬೋರ್ಡೋ ದ್ರಾವಣದ ಬಗ್ಗೆ ಅಷ್ಟು ಭಕ್ತಿಯಿಂದ ನಾವು ಮೂವರೂ ಹಿಂದೆಂದೂ ಕೇಳಿರಲಾರೆವು.

ಸಾಬರು ದುಡ್ಡು ಮುಟ್ಟಲಿಲ್ಲ. “ವಾಲ್ವಿಗೆ ಮಾತ್ರ ಇನ್ನೂರು ಕೊಡಿ, ಅದನ್ನು ನಾನೂ ಕೊಂಡಿದ್ದೆ” ಎಂದರು. ಮುಚ್ಚುವಾಗ ಬಟ್ಟಲಿನಿಂದ ನಾಲ್ಕೂ ಸ್ಕ್ರೂ ತೆಗೆದು, ಹಿತ್ತಾಳೆಯದನ್ನು ಅದೇ ಜಾಗಕ್ಕೆ ಹಾಕಿದೆ.

ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. ಎಂಬತ್ತಮೂರು ವರ್ಷ, ಕಿವಿ ಸ್ವಲ್ಪ ದೂರ, ನೆನಪು ಮಾತ್ರ ನಮ್ಮೆಲ್ಲರಿಗಿಂತ ಹತ್ತಿರ.

“ಅಮ್ಮಾ, ರೇಡಿಯೋ ಮಾತಾಡ್ತು.”

“ಯಾವುದು, ಅಪ್ಪಯ್ಯಂದಾ?”

“ಹೌದು. ಅದರ ಹಿಂದೆ ಒಂದು ಹಿತ್ತಾಳೆ ಸ್ಕ್ರೂ ಇದೆಯಲ್ಲ, ಅದು ಎಲ್ಲಿದು?”

“ಅದಾ? ನನ್ನ ಹೊಲಿಗೆ ಮಿಷನ್ನಿನ ಮುಚ್ಚಳದ್ದು. ಇಂದಿರಾ ಗಾಂಧಿ ಹೋದ ಮಾರನೇ ದಿನವೋ ಏನೋ, ರಾತ್ರಿ ಕೂತು ಬಿಚ್ಚಿದ್ರು. ಒಂದು ಸ್ಕ್ರೂ ಇಲ್ಲ ಅಂತ ನನ್ನ ಮಿಷನ್ನಿಂದು ಕಿತ್ತು ಹಾಕಿದ್ರು. ಅವತ್ತಿಂದ ನನ್ನ ಮುಚ್ಚಳ ಗಡಗಡ.”

ನನ್ನ ಬಾಯಿ ಒಣಗಿತು. “ಒಳಗೆ ಏನಾದರೂ ಸಿಕ್ತು ಅಂದ್ರಾ?”

“ಚಾಕಲೇಟ್ ಕಾಗದ ತೋರಿಸಿದ್ರು. ಹುಡುಗಿಗೆ ಪರೀಕ್ಷೆ ವರ್ಷ, ಕೇಳೋದು ಬೇಡ, ರಿಪೇರಿಗೆ ಕೊಟ್ರೆ ಅವನು ಎಲ್ಲರೆದುರು ಹೇಳಿಬಿಡ್ತಾನೆ, ಇರಲಿ ಬಿಡು ಅಂದ್ರು. ಆಮೇಲೆ ನಿಂಗೂ ಮದುವೆ ಆಯ್ತು, ಯಾರಿಗೆ ನೆನಪಿತ್ತು?”

ಫೋನಿನ ಈ ಕಡೆ ನಾನು ಸುಮ್ಮನಿದ್ದೆ. ಅಮ್ಮ ಲೈನು ಹೋಯಿತೇನೋ ಎಂದು ಎರಡು ಸಲ “ಹಲೋ” ಎಂದಳು.

“ಇದೀನಮ್ಮಾ.”

“ಈಗಲೂ ಗುಂಯ್ ಅನ್ನತ್ತಾ ಅದು?”

“ಇಲ್ಲ. ಒಂಚೂರೂ ಇಲ್ಲ.”

“ಹಾಗಾದರೆ ಅದು ನಮ್ಮ ರೇಡಿಯೋನೇ ಅಲ್ಲ ಬಿಡು” ಎಂದು ನಕ್ಕಳು ಅಮ್ಮ. ಆಮೇಲೆ ಈ ವರ್ಷ ಅಪ್ಪೆಮಿಡಿ ಎಷ್ಟು ಹಾಕಿದೆ, ಉಪ್ಪು ಸರಿಯಾಗಿ ಹಿಡಿದಿದೆಯಾ ಎಂದು ವಿಚಾರಿಸತೊಡಗಿದಳು.